ಕಡಲ ಪಾಚಿ: ಒಂದೇ ತೆಪ್ಪಕ್ಕೆ ಇಡೀ ಸಂಸಾರ ಕಟ್ಟಬೇಡಿ



ಕಡಲ ಪಾಚಿಯ ಬೇಸಾಯ ಲಾಭದಾಯಕವೇ? ಕರಾವಳಿಯ ಓದುಗರು ಈಚೆಗೆ ಪದೇ ಪದೇ ಕೇಳುತ್ತಿರುವ ಪ್ರಶ್ನೆಯಿದು. ಗೊಬ್ಬರ ಬೇಡ, ನೀರಾವರಿ ಬೇಡ, ಉಳುಮೆ ಬೇಡ, ನಲವತ್ತೈದು ದಿನಕ್ಕೆ ಫಸಲು ಎಂದು ಹೇಳುವವರ ಮಾತು ಕಿವಿಗೆ ಇಂಪಾಗಿದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಈ ಬೆಳೆಗೆ ಪ್ರತ್ಯೇಕ ಸ್ಥಾನ ದೊರೆತ ಮೇಲಂತೂ ಆಸೆ ಇನ್ನಷ್ಟು ಬೆಳೆದಿದೆ. ನಮ್ಮ ಉತ್ತರ ಹೀಗಿದೆ: ಕಡಲ ಪಾಚಿ ಒಳ್ಳೆಯ ಬೆಳೆ; ಆದರೆ ಅದೊಂದನ್ನೇ ನಂಬಿದ ಸಣ್ಣ ಬೇಸಾಯಗಾರನಿಗೆ ಅದು ಕೈಕೊಡುವ ಬೆಳೆ. ಜೊತೆಬೆಳೆ, ಜೊತೆಕಸುಬು ಇದ್ದವನ ಕೈಯಲ್ಲಿ ಮಾತ್ರ ಅದು ನಿಲ್ಲುತ್ತದೆ.

ಮಲೆನಾಡಿನ ಓದುಗರಿಗೆ ವೆನಿಲಾ ನೆನಪಿರಬೇಕು. 2003ರ ಸುಮಾರಿಗೆ ಹಸಿ ವೆನಿಲಾ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಧಾರಣೆ ಬಂತು. ರಾತ್ರಿ ತೋಟ ಕಾಯಲು ಜನರನ್ನಿಟ್ಟರು, ಬಳ್ಳಿಯ ತುಂಡಿಗೂ ಬೆಲೆ ಬಂತು. ಕೆಲವೇ ವರ್ಷಗಳಲ್ಲಿ ಧಾರಣೆ ಪಾತಾಳಕ್ಕಿಳಿಯಿತು. ಅಡಿಕೆಯ ನಡುವೆ ಬಳ್ಳಿ ಹಬ್ಬಿಸಿದವರು ನಷ್ಟವನ್ನು ಹೇಗೋ ತಾಳಿಕೊಂಡರು; ಸಾಲ ಮಾಡಿ ಅದೊಂದನ್ನೇ ನೆಟ್ಟವರು ಏಳಲಾರದೆ ಹೋದರು. ಬೆಳೆಯಲ್ಲಿ ದೋಷವಿರಲಿಲ್ಲ. ಕೊಳ್ಳುವವರು ದೂರದೇಶದಲ್ಲಿದ್ದರು, ಬೆಲೆ ಕಟ್ಟುವವರೂ ಅವರೇ ಆಗಿದ್ದರು. ಕಡಲ ಪಾಚಿಯ ಮಾತನ್ನು ಈ ನೆನಪಿನೊಂದಿಗೇ ಆರಂಭಿಸುವುದು ಒಳ್ಳೆಯದು.

ಪಾಚಿ ಎಂದರೇನು, ಯಾರಿಗೆ ಬೇಕು?

ಕಡಲಕಳೆ ಎಂದು ಕರೆಯುವುದುಂಟು. ಈ ‘ಕಳೆ’ಗೆ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಕೊಂಬೆಯ ತುಂಡನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಬಿಟ್ಟರೆ ಸುತ್ತಲಿನ ನೀರಿನಿಂದಲೇ ಸತ್ವ ಹೀರಿ ಬೆಳೆಯುತ್ತದೆ. ಅಂಗಡಿಯಲ್ಲಿ ‘ಚೈನಾ ಗ್ರಾಸ್’ ಎಂದು ಕೊಂಡು ತಂದು ಮನೆಯಲ್ಲಿ ಹಾಲಿನೊಡನೆ ಕಾಯಿಸಿ ಹೆಪ್ಪುಗಟ್ಟಿಸುತ್ತೀರಲ್ಲ, ಅದು ಅಗರ್. ಗ್ರಾಸಿಲೇರಿಯ, ಜೆಲಿಡಿಯೆಲ್ಲ ಮುಂತಾದ ಪಾಚಿಗಳಿಂದ ಅದನ್ನು ತೆಗೆಯುತ್ತಾರೆ. ಕಪ್ಪಾಫೈಕಸ್ ಎಂಬ ಇನ್ನೊಂದು ಪಾಚಿಯಿಂದ ಸಿಗುವ ಕ್ಯಾರಜೀನನ್ ಎಂಬ ಅಂಟು ಐಸ್‌ಕ್ರೀಮು, ಹಲ್ಲುಪುಡಿಯ ಪೇಸ್ಟು, ಔಷಧ ಮೊದಲಾದವುಗಳಲ್ಲಿ ಬಳಕೆಯಾಗುತ್ತದೆ. ನಮ್ಮ ದೇಶದಲ್ಲಿ ‘ಪಾಚಿ ಬೇಸಾಯ’ ಎಂದಾಗ ಬಹುಮಟ್ಟಿಗೆ ಈ ಕಪ್ಪಾಫೈಕಸ್‌ನ ಮಾತೇ.

ಘಟ್ಟದ ಮೇಲಿನ ರೈತರು ‘ಇದು ನಮಗೇಕೆ?’ ಎನ್ನಬಾರದು. ತಾವು ಕಬ್ಬಿಗೋ ಭತ್ತಕ್ಕೋ ಸಿಂಪಡಿಸುವ ಕಡಲ ಪಾಚಿಯ ದ್ರವಸಾರ, ಉದಾಹರಣೆಗೆ ಇಫ್ಕೋದ ‘ಸಾಗರಿಕಾ’, ಈ ಬೆಳೆಯಿಂದಲೇ ಬರುವಂಥದ್ದು. ಅದರ ಹಿಂದೆ ಮೊಣಕಾಲುದ್ದ ನೀರಿನಲ್ಲಿ ನಿಂತು ದುಡಿಯುವ ಹೆಂಗಸರ ಬೆವರಿದೆ.

ರಾಮನಾಥಪುರದ ಅನುಭವ

ಆ ಹೆಂಗಸರಲ್ಲಿ ಬಹುಪಾಲು ತಮಿಳುನಾಡಿನ ರಾಮನಾಥಪುರ ಜಿಲ್ಲೆಯವರು. ಭಾವನಗರದ ಕೇಂದ್ರ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿ ಕಪ್ಪಾಫೈಕಸ್ಸನ್ನು ಹೊರದೇಶದಿಂದ ತಂದು ಸೌರಾಷ್ಟ್ರದ ತೀರದಲ್ಲಿ ಬೆಳೆಸಿ ನೋಡಿದರು. ಅನಂತರ ಅದು ಮಂಡಪಂ ಕಡೆಗೆ ಬಂತು. 2000ದ ನಂತರ ಪೆಪ್ಸಿಕೋ ಕಂಪನಿ ಕೊಳ್ಳುವ ಒಪ್ಪಂದದೊಡನೆ ಮುಂದೆ ಬಂದದ್ದರಿಂದ ಸ್ವಸಹಾಯ ಗುಂಪುಗಳ ಹೆಂಗಸರು ಈ ಕೆಲಸಕ್ಕೆ ಇಳಿದರು. ಕೆಲವು ವರ್ಷಗಳ ಬಳಿಕ ಆ ವ್ಯವಹಾರ ಇನ್ನೊಂದು ಕಂಪನಿಯ ಕೈಗೆ ಹೋಯಿತು.

ಬೇಸಾಯದ ಕ್ರಮ ಸರಳ. ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಬಿದಿರಿನ ತೆಪ್ಪ. ಅದಕ್ಕೆ ಸಾಲಾಗಿ ಹಗ್ಗಗಳು. ಹಗ್ಗಕ್ಕೆ ಗೇಣು ಗೇಣು ಅಂತರದಲ್ಲಿ ಪಾಚಿಯ ತುಂಡುಗಳು. ಮೀನು ತಿನ್ನದಂತೆ ಕೆಳಗೆ ಬಲೆ. ಒಂದು ತೆಪ್ಪಕ್ಕೆ ಸುಮಾರು 60 ಕಿಲೋ ಬಿತ್ತನೆ ಬೇಕು. ನಲವತ್ತೈದು ದಿನಕ್ಕೆ ಕಟಾವು. ಒಬ್ಬರು 45 ತೆಪ್ಪ ಇಟ್ಟುಕೊಂಡು ದಿನಕ್ಕೊಂದರಂತೆ ಬಿತ್ತುತ್ತ ಹೋದರೆ, 46ನೆಯ ದಿನದಿಂದ ದಿನಕ್ಕೊಂದು ತೆಪ್ಪ ಕಟಾವಿಗೆ ಬರುತ್ತದೆ. ದಿನಗೂಲಿಯಂತೆ ದಿನವೂ ಆದಾಯ ಕಾಣುವ ಉಪಾಯವಿದು.

ಈಗ ಲೆಕ್ಕ ಹಾಕಿ ನೋಡಿ. ಒಳ್ಳೆಯ ಕಾಲದಲ್ಲಿ ತೆಪ್ಪವೊಂದಕ್ಕೆ ಸುಮಾರು 250 ಕಿಲೋ ಹಸಿ ಪಾಚಿ ಬಂತೆನ್ನೋಣ. ಮುಂದಿನ ಬಿತ್ತನೆಗೆ 60 ಕಿಲೋ ತೆಗೆದಿರಿಸಬೇಕು. ಉಳಿದದ್ದು 190. ಒಣಗಿಸಿದರೆ ಹತ್ತಕ್ಕೆ ಒಂದು ಪಾಲು, ಅಂದರೆ 19 ಕಿಲೋ. ದಿನವಿಡೀ ಉಪ್ಪುನೀರಿನಲ್ಲಿ ನಿಂತು ಕೈಗೆ ಬರುವ ಮಾಲು ಇಷ್ಟೇ. ಕೊಳ್ಳುವವನು ಕಿಲೋಗೆ ಹತ್ತು ರೂಪಾಯಿ ಇಳಿಸಿದರೆ ಆ ದಿನದ ದುಡಿಮೆಯಲ್ಲಿ 190 ರೂಪಾಯಿ ಹೋಯಿತು. ಇಳಿಸಬೇಡ ಎನ್ನಲು ಬೇರೆ ಗಿರಾಕಿ ಬೇಕು. ಗಿರಾಕಿ ಒಬ್ಬನೇ ಆದರೆ ಬೆಲೆಯೂ ಅವನದೇ.

ಬೆಲೆಗಿಂತ ದೊಡ್ಡ ಪೆಟ್ಟು ನೀರಿನಿಂದ ಬಂತು. 2013ರ ನಂತರ ಪಾಕ್ ಕೊಲ್ಲಿಯಲ್ಲಿ ನೀರಿನ ಬಿಸಿಯೇರಿ ಪಾಚಿ ರಾಶಿರಾಶಿಯಾಗಿ ಸತ್ತಿತು. ಕೊಂಬೆಗಳು ಬಿಳಿಚಿ, ಮೆತ್ತಗಾಗಿ, ತುಂಡುತುಂಡಾಗಿ ಉದುರುವ ರೋಗವೊಂದಿದೆ. ಬಿಸಿ ನೀರು ಅದಕ್ಕೆ ದಾರಿ ಮಾಡಿಕೊಡುತ್ತದೆ. ಅಲ್ಲಿನ ಇಳುವರಿ ಒಮ್ಮೆಲೇ ಕುಸಿಯಿತು. ಬಿತ್ತನೆಗೂ ಪಾಚಿ ಸಾಲದಾಯಿತು. ಈ ಬೆಳೆಯ ಬಿತ್ತನೆಯೇ ಬೆಳೆ ಎಂಬುದನ್ನು ಮರೆಯಬಾರದು. ರಾಗಿಯನ್ನು ಕಣಜದಲ್ಲಿಟ್ಟಂತೆ ಪಾಚಿಯನ್ನು ಮುಂದಿನ ವರ್ಷಕ್ಕೆ ಕೂಡಿಡಲಾಗದು. ಬೆಳೆ ಸತ್ತರೆ ಬಿತ್ತನೆಯೂ ಸತ್ತಿತು.

ಜಾಂಜಿಬಾರಿನ ಪಾಠ

ಆಫ್ರಿಕದ ಪೂರ್ವ ತೀರದಾಚೆ, ಟಾಂಜಾನಿಯಕ್ಕೆ ಸೇರಿದ ಜಾಂಜಿಬಾರ್ ದ್ವೀಪ ಲವಂಗಕ್ಕೆ ಹೆಸರಾದದ್ದು. ಅಲ್ಲಿ 1989ರ ಸುಮಾರಿಗೆ ಪಾಚಿ ಬೇಸಾಯ ಆರಂಭವಾಯಿತು. ಇಳಿತದ ಹೊತ್ತಿನಲ್ಲಿ ಹೆಂಗಸರು ಆಳವಿಲ್ಲದ ನೀರಿನಲ್ಲಿ ಗೂಟ ನೆಟ್ಟು, ಹಗ್ಗ ಬಿಗಿದು ಬೆಳೆಯುತ್ತಾರೆ. ಮನೆಯಿಂದ ಹೊರಗೆ ದುಡಿದು ತಮ್ಮದೇ ಹಣ ಕಂಡದ್ದು ಅನೇಕರಿಗೆ ಇದರಿಂದಲೇ.

ಅಲ್ಲಿ ಎರಡು ಬಗೆಯ ಪಾಚಿ ಬೆಳೆಯುತ್ತಿದ್ದರು. ಒಂದಕ್ಕೆ ಬೆಲೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ದಡದ ನೀರು ಬಿಸಿಯಾಗುತ್ತ ಬಂದಂತೆ ಹೆಚ್ಚು ಬೆಲೆಯದು ಸಾಯತೊಡಗಿತು. ಉಳಿದದ್ದು ಅಗ್ಗದ ಪಾಚಿ. ಕೊಳ್ಳುವವರು ಬೆರಳೆಣಿಕೆಯ ರಫ್ತುದಾರರು. ಹಲವರು ಬೇಸತ್ತು ಬಿಟ್ಟರು. ಬಿಡದವರು ಏನು ಮಾಡಿದರೆಂಬುದು ನಮಗೆ ಮುಖ್ಯ.

2006ರಲ್ಲಿ ವಿಜ್ಞಾನಿ ಡಾ. ಫ್ಲವರ್ ಮ್ಸುಯಾ ಅವರ ಮುಂದಾಳ್ತನದಲ್ಲಿ ಬೆಳೆಗಾರರು, ಸಂಶೋಧಕರು, ಅಧಿಕಾರಿಗಳು ಸೇರಿ ಒಂದು ಕೂಟ ಕಟ್ಟಿಕೊಂಡರು. ಹೆಂಗಸರು ಪಾಚಿಯನ್ನು ಪುಡಿ ಮಾಡಿ, ತೆಂಗಿನೆಣ್ಣೆ ಮತ್ತು ಲವಂಗದಂತಹ ಊರಿನದೇ ಪದಾರ್ಥ ಬೆರೆಸಿ ಸಾಬೂನು ಮಾಡಲು ಕಲಿತರು. ಮೂಟೆ ತೂಗಿ ಕೊಟ್ಟಾಗ ಬಿಡಿಗಾಸು ತರುತ್ತಿದ್ದ ಪಾಚಿ, ಸಾಬೂನಿನ ರೂಪದಲ್ಲಿ ಪ್ರವಾಸಿಗರಿಗೆ ಮಾರಾಟವಾಯಿತು. ತಂಪು ನೀರು ಹುಡುಕಿ ಆಳಕ್ಕೆ ಹೋಗಲು ಕೊಳವೆಯಾಕಾರದ ಬಲೆಗಳನ್ನು ಪ್ರಯೋಗಿಸಿದರು. ಜಂಬಿಯಾನಿ ಎಂಬ ಊರಿನ ಹೆಂಗಸರು ಪಾಚಿಯನ್ನು ಬಿಟ್ಟು ಸ್ನಾನದ ಸ್ಪಂಜನ್ನು ಹಗ್ಗದಲ್ಲಿ ಬೆಳೆಸಲು ಕಲಿತರು. ಸ್ಪಂಜು ನೀರಿನಲ್ಲಿ ಬದುಕುವ ಒಂದು ಪ್ರಾಣಿ. ಬಿಸಿ ನೀರನ್ನು ಪಾಚಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ, ಬೆಲೆಯೂ ಹೆಚ್ಚು.

ಇಲ್ಲಿ ಒಂದು ಸೂಕ್ಷ್ಮವಿದೆ. ಸಾಬೂನು ಮಾಡಿದವರು ಕೊಳ್ಳುವವರನ್ನು ಬದಲಿಸಿಕೊಂಡರು. ಆದರೆ ಪಾಚಿ ಸತ್ತರೆ ಸಾಬೂನೂ ಇಲ್ಲ. ಸ್ಪಂಜು ಬೆಳೆದವರು ಅಪಾಯವನ್ನೇ ಬದಲಿಸಿಕೊಂಡರು. ಎರಡೂ ಬೇಕು. ಹತ್ತು ಬಗೆಯ ಸಾಮಾನು ಮಾಡಿದ ಮಾತ್ರಕ್ಕೆ ಮಿಶ್ರ ಬೇಸಾಯವಾಗುವುದಿಲ್ಲ. ಒಂದು ಬಿದ್ದಾಗ ಇನ್ನೊಂದು ಬೀಳದಂತಿದ್ದರೆ ಮಾತ್ರ ಅದು ಮಿಶ್ರ ಬೇಸಾಯ. ನಮ್ಮ ಹಿರಿಯರು ಅಡಿಕೆಗೆ ಕಾಳುಮೆಣಸನ್ನು ಹಬ್ಬಿಸಿ, ನಡುವೆ ಬಾಳೆ ಏಲಕ್ಕಿ ಇಟ್ಟದ್ದು ಇದೇ ಲೆಕ್ಕದ ಮೇಲೆ. ಅಡಿಕೆಯ ಧಾರಣೆ ಇಳಿದ ವರ್ಷ ಮೆಣಸು ಮನೆ ನಡೆಸಿದ್ದುಂಟು. ಎರಡೂ ಇಳಿದಾಗ ಬಾಳೆಗೊನೆ ಸಂತೆಗೆ ಹೋದದ್ದೂ ಉಂಟು.

ಯಾವುದನ್ನು ಜೊತೆಗೂಡಿಸಬೇಕು?

ಸಣ್ಣ ಬೇಸಾಯಗಾರನ ಕೈಗೆಟಕುವ ದಾರಿಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಅದೇ ಪಾಚಿಯನ್ನು ಎರಡು ರೂಪದಲ್ಲಿ ಮಾರುವುದು. ಹಸಿ ಕಪ್ಪಾಫೈಕಸ್ಸನ್ನು ಅರೆದು ಹಿಂಡಿದರೆ ದ್ರವಸಾರ ಬರುತ್ತದೆ. ಉಳಿದ ಚರಟದಿಂದ ಕ್ಯಾರಜೀನನ್ ತೆಗೆಯಬಹುದು. ಒಂದೇ ಫಸಲಿನಿಂದ ಎರಡು ಸರಕು ತೆಗೆಯುವ ಈ ವಿಧಾನವನ್ನು ರೂಪಿಸಿದ್ದು ಭಾವನಗರದ ಸಂಸ್ಥೆಯೇ. ಪಾಚಿಯನ್ನು ಒಣಗಿಸಿದರೆ ಆ ರಸ ಗಾಳಿಗೆ ಹೋಯಿತೆಂದೇ ಅರ್ಥ. ಹತ್ತಿರದಲ್ಲಿ ಹಸಿ ಪಾಚಿ ಕೊಳ್ಳುವ ಘಟಕವಿದ್ದರೆ ಮೋಡದ ದಿನಗಳಲ್ಲಿ ಹಸಿಯಾಗಿ, ಬಿಸಿಲಿನ ದಿನಗಳಲ್ಲಿ ಒಣಗಿಸಿ ಮಾರುವ ಅನುಕೂಲ ನಿಮಗಿರುತ್ತದೆ. ಒಣಗಿಸುವಾಗ ಮರಳಿನ ಮೇಲೆ ಹರಡಬೇಡಿ. ನೆಲದಿಂದ ಎತ್ತರದಲ್ಲಿ ಬಲೆ ಬಿಗಿದ ಅಟ್ಟಣೆ ಮಾಡಿ. ಮರಳು, ಕಸ ಸೇರಿದ ಮಾಲಿಗೆ ವರ್ತಕ ಎಷ್ಟು ಕಡಿತ ಹಾಕುತ್ತಾನೆಂಬುದು ಅಡಿಕೆ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಒಣಗುವ ಪಾಚಿಗೆ ಮಳೆ ತಾಗದಂತೆ ಹೊದಿಕೆಯೂ ಸಿದ್ಧವಿರಲಿ.

ಎರಡನೆಯದು, ಬಿತ್ತನೆಯ ಮಾರಾಟ. ಬಿರುಗಾಳಿ, ರೋಗ ಬಂದು ಹೋದ ಮೇಲೆ ಎಲ್ಲರಿಗೂ ಒಮ್ಮೆಲೇ ಬಿತ್ತನೆ ಬೇಕಾಗುತ್ತದೆ. ಗುಂಪಿನಲ್ಲಿ ಒಂದಿಬ್ಬರು ಆಸರೆಯ ಜಾಗದಲ್ಲಿ ನಾಲ್ಕು ತೆಪ್ಪಗಳನ್ನು ಬಿತ್ತನೆಗೆಂದೇ ಕಾಪಾಡಿಕೊಂಡರೆ ತಮ್ಮ ಬೆಳೆಯೂ ಉಳಿಯುತ್ತದೆ, ನೆರೆಯವರಿಗೂ ಮಾರಬಹುದು.

ಮೂರನೆಯದು, ಬೇರೆ ಪಾಚಿ. ಕಪ್ಪಾಫೈಕಸ್ ಹೊರನಾಡಿನದು. ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಬಳಿ ಅದು ಹವಳದ ದಿಬ್ಬಗಳ ಮೇಲೆ ಹಬ್ಬಿರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಲಂಟಾನ ನಮ್ಮ ಕಾಡಿಗೆ ಬಂದ ಕಥೆ ಬಲ್ಲವರು ಇದನ್ನು ಹಗುರವಾಗಿ ಕಾಣಲಾರರು. ಹವಳವಿರುವ ಕಡೆ ಅದನ್ನು ಕಟ್ಟಲೇಬಾರದು. ನಮ್ಮ ಕಡಲಿನವೇ ಆದ ಗ್ರಾಸಿಲೇರಿಯ, ಜೆಲಿಡಿಯೆಲ್ಲ ಅಷ್ಟು ಬೇಗ ಬೆಳೆಯದಿರಬಹುದು. ಆದರೆ ಅವುಗಳಿಂದ ಸಿಗುವುದು ಅಗರ್, ಕೊಳ್ಳುವವರೇ ಬೇರೆ. ಕ್ಯಾರಜೀನನ್ ಬೆಲೆ ಬಿದ್ದಾಗ ಅಗರ್ ಬೆಲೆಯೂ ಬೀಳಲೇಬೇಕೆಂದಿಲ್ಲ.

ನಾಲ್ಕನೆಯದು, ಮೀನಿನ ಪಂಜರದ ಸುತ್ತ ಪಾಚಿ. ಮಂಡಪಂನಲ್ಲಿ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇದನ್ನು ಮಾಡಿ ತೋರಿಸಿದೆ. ಕೋಬಿಯ ಮೀನು ಸಾಕುವ ಒಂದು ಪಂಜರದ ಸುತ್ತ ಅರ್ಧಚಂದ್ರಾಕಾರವಾಗಿ 16 ತೆಪ್ಪ ಕಟ್ಟಿದರು. ಮೀನಿನ ಹೊಲಸು ನೀರಿನಲ್ಲಿ ಕರಗಿ ಪಾಚಿಗೆ ಗೊಬ್ಬರವಾಯಿತು. ಸಾಮಾನ್ಯ ತೆಪ್ಪದಲ್ಲಿ ಸುಮಾರು 250 ಕಿಲೋ ಬಂದರೆ, ಪಂಜರದ ಬಳಿಯ ತೆಪ್ಪದಲ್ಲಿ ಸುಮಾರು 390 ಕಿಲೋ ಬಂತು. ತೆಪ್ಪಕ್ಕೆ 140 ಕಿಲೋ ಹೆಚ್ಚು ಎಂದರೆ 16 ತೆಪ್ಪಗಳಿಗೆ, ಒಂದು ಫಸಲಿನಲ್ಲಿ, 2,240 ಕಿಲೋ ಹಸಿ ಪಾಚಿ ಹೆಚ್ಚಾಯಿತು. ಕೊಟ್ಟಿಗೆಯ ಗೊಬ್ಬರ ಗದ್ದೆಗೆ ಹೋದಂತೆಯೇ ಇದು. ಆದರೆ ಪಂಜರ, ಮರಿ, ಮೇವು ಇವೆಲ್ಲಕ್ಕೂ ದೊಡ್ಡ ಬಂಡವಾಳ ಬೇಕು. ಒಬ್ಬನ ಕೈಲಾಗುವ ಕೆಲಸವಲ್ಲ. ಮೀನುಗಾರರ ಸಹಕಾರ ಸಂಘ ಪಂಜರ ಇಟ್ಟು, ಹೆಂಗಸರ ಗುಂಪು ಸುತ್ತ ಪಾಚಿ ಬೆಳೆಯುವುದು ಸರಿಯಾದ ದಾರಿ.

ಐದನೆಯದು, ಪಚ್ಚಿಲೆ. ಕರಾವಳಿಯವರಿಗೆ ಇದರ ರುಚಿ ಗೊತ್ತು, ಊರಲ್ಲೇ ಗಿರಾಕಿಯೂ ಉಂಟು. ಬಂಡೆಯಿಂದ ಬಿಡಿಸಿದ ಮರಿಗಳನ್ನು ಹಗ್ಗದ ಸುತ್ತ ಇಟ್ಟು ಹತ್ತಿಯ ಸೊಳ್ಳೆಪರದೆ ಬಟ್ಟೆಯಿಂದ ಸುತ್ತಿ ಹೊಲಿದು ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೊಳೆಯುವ ಹೊತ್ತಿಗೆ ಮರಿಗಳು ಹಗ್ಗಕ್ಕೆ ಅಂಟಿಕೊಂಡಿರುತ್ತವೆ. ಐದಾರು ತಿಂಗಳಿಗೆ ಕಟಾವು. ಮೇವು ಹಾಕುವ ಖರ್ಚಿಲ್ಲ. ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರು ಕಡೆಯ ಹೆಂಗಸರ ಗುಂಪುಗಳು 1990ರ ದಶಕದ ಕೊನೆಯಿಂದ ಹಿನ್ನೀರಿನಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆದು ತೋರಿಸಿವೆ. ಪಾಚಿಯನ್ನು ಕೊಳ್ಳುವವನು ಬಾರದಿದ್ದರೂ ಪಚ್ಚಿಲೆ ಮೀನುಪೇಟೆಯಲ್ಲಿ ಮಾರಾಟವಾಗುತ್ತದೆ.

ಆರನೆಯದು ಖರ್ಚಿಲ್ಲದ್ದು. ಕಟಾವಿನಲ್ಲಿ ಉದುರಿದ, ಮಾರಾಟಕ್ಕೆ ಬಾರದ ಪಾಚಿಯನ್ನು ಬಿಸಾಡಬೇಡಿ. ಒಂದೆರಡು ಮಳೆಗೆ ಉಪ್ಪು ತೊಳೆದುಹೋಗಲಿ. ಅನಂತರ ಸಗಣಿ, ತರಗೆಲೆಯೊಂದಿಗೆ ಗುಂಡಿಗೆ ಹಾಕಿ ಕೊಳೆಸಿ ತೆಂಗಿನ ಬುಡಕ್ಕೆ ಕೊಡಿ. ಕೊಳ್ಳುವ ಗೊಬ್ಬರದಲ್ಲಿ ಉಳಿದ ರೂಪಾಯಿಯೂ ಆದಾಯವೇ.

ಇವೆಲ್ಲವನ್ನೂ ಒಮ್ಮೆಗೇ ಕೈಗೆತ್ತಿಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೊರಟವರು ಯಾವುದನ್ನೂ ಕಲಿಯುವುದಿಲ್ಲ. ವರ್ಷಕ್ಕೊಂದು ಸೇರಿಸಿ. ಸೇರಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಕೊಳ್ಳುವವನು ಬೇರೆಯವನೇ? ಇದರ ಕೆಲಸ ಬೇರೆ ಹೊತ್ತಿನಲ್ಲಿ ಬರುತ್ತದೆಯೇ? ಪಾಚಿಯನ್ನು ಕೊಲ್ಲುವ ಬಿಸಿನೀರು, ರೋಗ ಇದನ್ನು ಕೊಲ್ಲದೆ ಬಿಡುತ್ತದೆಯೇ? ಮೂರರಲ್ಲಿ ಎರಡಕ್ಕಾದರೂ ‘ಹೌದು’ ಎನ್ನುವಂತಿದ್ದರೆ ಮಾತ್ರ ಕೈಹಾಕಿ.

ನಮ್ಮ ಕರಾವಳಿಯ ಮಾತು

ರಾಮನಾಥಪುರದಲ್ಲಿ ಆದದ್ದು ಕಾರವಾರ, ಉಡುಪಿ, ಮಂಗಳೂರಿನಲ್ಲಿಯೂ ಹಾಗೆಯೇ ಆಗುತ್ತದೆಂದು ನಂಬಬೇಡಿ. ಅಲ್ಲಿ ರಾಮೇಶ್ವರದ ಸುತ್ತಮುತ್ತ ದ್ವೀಪ ದಿಬ್ಬಗಳ ಆಸರೆಯಿದೆ, ಆಳವಿಲ್ಲದ ನೀರಿದೆ. ನಮ್ಮ ತೀರ ಬಹುಮಟ್ಟಿಗೆ ತೆರೆದ ಕಡಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಬ್ಬರದ ತೆರೆಗೆ ಬಿದಿರಿನ ತೆಪ್ಪ ನಿಲ್ಲುವ ಮಾತೇ ಇಲ್ಲ. ಅಳಿವೆಯೊಳಗೆ ಆಸರೆಯಿದೆ, ಆದರೆ ಮಳೆಗಾಲದಲ್ಲಿ ಹೊಳೆಯ ನೀರು ತುಂಬಿ ಉಪ್ಪು ಇಳಿದುಹೋಗುತ್ತದೆ, ಸಿಹಿನೀರಿನಲ್ಲಿ ಈ ಪಾಚಿ ಬದುಕದು. ಆದ್ದರಿಂದ ನಮ್ಮಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ, ನಲವತ್ತೈದು ದಿನದ ನಾಲ್ಕು ಫಸಲು ಸಿಕ್ಕರೆ ಅದೇ ಹೆಚ್ಚು. ಉಳಿದ ಆರು ತಿಂಗಳು ಸಂಸಾರ ಯಾವುದರ ಮೇಲೆ ನಡೆಯಬೇಕು? ಬಿತ್ತನೆ ಎಲ್ಲಿ ಉಳಿಯಬೇಕು? ಈ ಎರಡು ಪ್ರಶ್ನೆಗಳಿಗೆ ಉತ್ತರ ಕಾಣದೆ ಸಾಲದ ಅರ್ಜಿ ತುಂಬಬಾರದು.

ಹೀಗಾಗಿ ನಮ್ಮ ಕರಾವಳಿಯಲ್ಲಿ ಪಾಚಿ ಜೊತೆಬೆಳೆಯಾಗಿ ಬರುವುದೇ ಯೋಗ್ಯವೆಂದು ನಮ್ಮ ಅಭಿಪ್ರಾಯ. ಪಚ್ಚಿಲೆಯ ಹಗ್ಗ, ಅಳಿವೆಯ ಮೀನಿನ ಪಂಜರ, ದಡದ ಮೇಲೆ ನಾಲ್ಕು ತೆಂಗು, ಮಳೆಗಾಲಕ್ಕೆ ಒಂದು ತುಂಡು ಗದ್ದೆ, ಅವುಗಳ ನಡುವೆ ಹತ್ತಿಪ್ಪತ್ತು ತೆಪ್ಪ ಪಾಚಿ. ಪಾಚಿ ಕೈಕೊಟ್ಟ ವರ್ಷವೂ ಒಲೆ ಉರಿಯಬೇಕು.

ಇನ್ನೊಂದು ಮಾತು. ಕಡಲಿಗೆ ಬೇಲಿಯಿಲ್ಲ, ಪಹಣಿಯಿಲ್ಲ. ನೀವು ತೆಪ್ಪ ಕಟ್ಟುವ ಜಾಗದಲ್ಲಿ ಇನ್ನೊಬ್ಬರು ಕೈರಂಪಣಿ ಎಳೆಯುತ್ತಿರಬಹುದು, ದೋಣಿ ಹಾಯಿಸುತ್ತಿರಬಹುದು. ಮೀನುಗಾರಿಕೆ ಇಲಾಖೆಯ ಅನುಮತಿ ಪಡೆಯುವುದಕ್ಕೆ ಮುಂಚೆ ಊರಿನ ಮೀನುಗಾರರನ್ನು ಕೂಡಿಸಿ ಮಾತಾಡಿ. ರಾತ್ರಿ ದೋಣಿಗೆ ತೆಪ್ಪ ಸಿಕ್ಕಿ ಹರಿದರೆ ನಷ್ಟ ಇಬ್ಬರಿಗೂ. ಊರಿನ ಮನಸ್ತಾಪ ಬೇರೆ.

ಸರ್ಕಾರವೂ ತನ್ನ ಪಾಲಿನ ಕೆಲಸ ಮಾಡಬೇಕು. ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯರಿಗೆ ಶೇಕಡಾ 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇಕಡಾ 60 ಸಹಾಯಧನ ಗೊತ್ತುಮಾಡಿದ್ದು ಸ್ವಾಗತಾರ್ಹ. ಆದರೆ ತೆಪ್ಪ ಎಷ್ಟು ಹಂಚಿದೆವು ಎಂಬ ಲೆಕ್ಕದಿಂದ ಬೆಳೆಗಾರನ ಹೊಟ್ಟೆ ತುಂಬದು. ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂದು ಗುರುತಿಸಿದ ಜಾಗ, ಮಳೆಗಾಲ ಕಳೆದೊಡನೆ ಕೈಗೆ ಸಿಗುವ ರೋಗವಿಲ್ಲದ ಬಿತ್ತನೆ, ಕನಿಷ್ಠ ಇಬ್ಬರು ಕೊಳ್ಳುವವರು, ಬಿರುಗಾಳಿಗೆ ವಿಮೆ: ಈ ನಾಲ್ಕನ್ನು ಒದಗಿಸದೆ ಬರೀ ಬಿದಿರು ಹಗ್ಗ ಕೊಟ್ಟರೆ ಅವು ಮುಂದಿನ ಮಳೆಗಾಲದಲ್ಲಿ ಸೌದೆಯಾಗುತ್ತವೆ.

ಮೊದಲು ಲೆಕ್ಕದ ಪುಸ್ತಕ

ಆಸಕ್ತಿಯುಳ್ಳವರಿಗೆ ನಮ್ಮ ಸಲಹೆ ಇಷ್ಟು. ಮೊದಲ ವರ್ಷ ಐದು ತೆಪ್ಪ ಸಾಕು. ಸಾಲ ಬೇಡ. ಎರಡಾಣೆಯ ಲಾಭವನ್ನು ಹತ್ತಾಣೆಯೆಂದು ತೋರಿಸುವ ಕಾಗದಗಳನ್ನು ಬದಿಗಿಟ್ಟು ನಿಮ್ಮದೇ ಪುಸ್ತಕ ಇಡಿ. ಬಿತ್ತಿದ ದಿನ, ತೂಕ, ನೀರಿನ ಸ್ಥಿತಿ, ಕಟಾವು, ಒಣಗಿದ ತೂಕ, ಸಿಕ್ಕ ಬೆಲೆ, ಹಾಕಿದ ಕಡಿತ ಎಲ್ಲವನ್ನೂ ಬರೆಯಿರಿ. ಮನೆಯ ಹೆಂಗಸರು ಮಕ್ಕಳು ದುಡಿದ ಹೊತ್ತನ್ನೂ ಬರೆಯಿರಿ. ಅದನ್ನು ಸೊನ್ನೆ ಎಂದು ಹಿಡಿದರೆ ಜಗತ್ತಿನ ಯಾವ ಬೆಳೆಯೂ ಲಾಭದಾಯಕವೇ! ಆ ಹೊತ್ತಿಗೆ ಊರಿನ ಕೂಲಿ ಕಟ್ಟಿ ನೋಡಿದ ಮೇಲೂ ಮಿಕ್ಕಿದ್ದು ಏನಿದೆಯೋ ಅದೇ ನಿಜವಾದ ಲಾಭ.

ವಾಚನಾಲಯದಲ್ಲಿ ಈ ಪುಟ ಓದಿ ಕೇಳಿಸಿಕೊಳ್ಳುವ ಒಳನಾಡಿನ ಬಾಂಧವರೂ ಈ ಪರೀಕ್ಷೆಯನ್ನು ತಮ್ಮ ಹೊಲಕ್ಕೆ ಹಚ್ಚಿ ನೋಡಬಹುದು. ಒಂದೇ ಕಾರ್ಖಾನೆಗೆ ಕಬ್ಬು ಸಾಗಿಸುವವನೂ, ಒಂದೇ ಕಂಪನಿಗೆ ಮಿಡಿಸೌತೆ ಬೆಳೆಯುವವನೂ, ಒಬ್ಬನೇ ವರ್ತಕನಿಗೆ ಪಾಚಿ ತೂಗುವವಳೂ ಒಂದೇ ತಕ್ಕಡಿಯಲ್ಲಿ ಕೂತವರು. ತಕ್ಕಡಿ ಹಿಡಿದವನ ಮರ್ಜಿಯಿಂದ ಬಿಡಿಸಿಕೊಳ್ಳುವ ದಾರಿ ನಮ್ಮ ಹಿತ್ತಿಲಿನಲ್ಲೇ ಇದೆ: ಇನ್ನೊಂದು ಬೆಳೆ, ಇನ್ನೊಬ್ಬ ಗಿರಾಕಿ, ಇನ್ನೊಂದು ಹಂಗಾಮು. ಮುಂದಿನ ಬಿತ್ತನೆಗೆ ಮುಂಚೆ ಮನೆಮಂದಿಯೆಲ್ಲ ಕೂತು ಒಮ್ಮೆ ಎಣಿಸಿ ನೋಡಿರಿ. ಇಂದು ನಿಮ್ಮ ಮನೆಯನ್ನು ಎಷ್ಟು ಬೆಳೆಗಳು ಸಾಕುತ್ತಿವೆ? ಅವುಗಳಲ್ಲಿ ಒಂದು ಹೋದರೆ ನಿಲ್ಲುವವು ಎಷ್ಟು?